ವರದಿಯಲ್ಲಿಲ್ಲದ ಹಳ್ಳ

ಅವರ ಫೋಟೊಗೆ ಹಾರ ಹಾಕಿದ ಕೈಯನ್ನು ನಾನು ಬಲ್ಲೆ. ನಾಲ್ಕು ವರ್ಷದ ಹಿಂದೆ ಅವರ ಹೇಳಿಕೆಯ ಮೇಲೆ ಕೆಂಪು ಪೆನ್ನಿನಿಂದ ಉದ್ದಕ್ಕೂ ಗೀಟು ಎಳೆದದ್ದು ಅದೇ ಕೈ.

ಹಾರ ಹಾಕಿದ ಮೇಲೆ ಸಾಹೇಬರು ಮೈಕು ಹಿಡಿದರು. ಆಗ ನಮ್ಮ ಕಚೇರಿಗೆ ಮುಖ್ಯಸ್ಥರಾಗಿದ್ದವರು, ಈಗ ಬಡ್ತಿ ಸಿಕ್ಕು ಬೇರೆ ಜಿಲ್ಲೆಗೆ ಹೋಗಿದ್ದಾರೆ. ಈ ಸಭೆಗೆಂದೇ ಕಾರು ಮಾಡಿಕೊಂಡು ಬಂದಿದ್ದರು. "ಬೆಂಕಿಯ ಬಗ್ಗೆ ಅವನಿಗಿದ್ದ ಜ್ಞಾನ ಯಾವ ಕಾಗದದಲ್ಲೂ ಇಲ್ಲ" ಎಂದರು. ನಿಜ, ಇಲ್ಲ. ಇರದ ಹಾಗೆ ನೋಡಿಕೊಂಡವರು ಯಾರು?

ಎರಡು ನಿಮಿಷ ಮೌನ ಎಂದರು. ಒಂದು ನಿಮಿಷಕ್ಕೆ ಯಾರದೋ ಫೋನು ಬಡಿದುಕೊಂಡಿತು, ಎಲ್ಲರೂ ಕುಳಿತುಬಿಟ್ಟರು. ಪತ್ರಿಕೆಯೊಂದರಲ್ಲಿ ಅವರ ಫೋಟೊ ಬರದೇ ಹೋಗಿದ್ದರೆ ಈ ಸಭೆಯೂ ನಡೆಯುತ್ತಿರಲಿಲ್ಲ. ಕೆಲಸದಿಂದ ತೆಗೆದುಹಾಕಿದವನಿಗೆ ಯಾವ ಕಚೇರಿ ಶ್ರದ್ಧಾಂಜಲಿ ಸಲ್ಲಿಸುತ್ತದೆ? ಹಿಂದಿನ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕುಳಿತಿದ್ದೆ. ಮೂರು ವಾರವಾಯಿತು, ಸಿಟ್ಟು ಇಳಿದಿಲ್ಲ. ಅದರಲ್ಲಿ ಅರ್ಧ ನನ್ನ ಮೇಲೆಯೇ.

ನಾನು ಸಂಡೂರಿನ ಆ ಅರಣ್ಯ ಕಚೇರಿಯಲ್ಲಿ ಟೈಪಿಸ್ಟ್. ಹೊಸಪೇಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಅವರು ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳದಂತೆ ಕಾಯುವ ದಿನಗೂಲಿ ಕಾವಲುಗಾರ. ಇಪ್ಪತ್ತಾರು ಬೇಸಿಗೆ ಕಾದಿದ್ದರು. ಇಪ್ಪತ್ತಾರು ಸಲವೂ ಅವರ ಹೆಸರಿನ ಮುಂದೆ 'ತಾತ್ಕಾಲಿಕ' ಎಂದೇ ಬರೆಯುತ್ತಿದ್ದೆವು. ಕಚೇರಿಯಲ್ಲಿ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರೂ ಅವರನ್ನು ಏಕವಚನದಲ್ಲಿ ಕೂಗುತ್ತಿದ್ದರು. ಅವರು ಮಾತ್ರ ನನ್ನನ್ನು 'ಮೇಡಮ್ಮಾರ' ಎನ್ನುತ್ತಿದ್ದರು.

ಸಣಕಲು ದೇಹ. ಹುಬ್ಬುಗಳು ಇರಲಿಲ್ಲ. ಎಷ್ಟು ಸಲ ಸುಟ್ಟಿದ್ದವೋ, ಕೊನೆಗೆ ಬೆಳೆಯುವುದನ್ನೇ ಬಿಟ್ಟಿದ್ದವು. ಸಿಟ್ಟು ಬಂದರೆ ಆ ಬೋಳು ಜಾಗದ ಚರ್ಮ ಸುಕ್ಕುಗಟ್ಟುತ್ತಿತ್ತು, ಮತ್ತು ಅವರಿಗೆ ಸಿಟ್ಟು ದಿನಾ ಬರುತ್ತಿತ್ತು. ಕಚೇರಿಗೆ ಬಂದರೆ ಮೆಟ್ಟಿಲ ಮೇಲೆಯೇ ಕೂರುವರು. "ಒಳಗ ಬರ್ರಿ, ಕುರ್ಚಿ ಐತಲ್ಲ" ಎಂದರೆ, "ಬ್ಯಾಡ್ರಿ, ಫ್ಯಾನಿನ ಗಾಳಿ ಯಾವ ಕಡಿಂದ ಬರತೈತಿ ಅಂತಾನ ತಿಳಿಯಂಗಿಲ್ಲ" ಎನ್ನುವರು. ಅದು ತಮಾಷೆಯಲ್ಲ. ಗಾಳಿಯ ದಿಕ್ಕು ಗೊತ್ತಿಲ್ಲದ ಕಡೆ ಅವರಿಗೆ ನಿಜವಾಗಿಯೂ ಕೂರಲಾಗುತ್ತಿರಲಿಲ್ಲ.

ಫೆಬ್ರುವರಿ ಬಂತೆಂದರೆ ಗುಡ್ಡದಿಂದ ಒಂದು ಹಿಡಿ ಹುಲ್ಲು ಕಿತ್ತು ತರುವರು. ಅದನ್ನು ಅಂಗೈಯಲ್ಲಿ ಉಜ್ಜಿ ಕಿವಿಯ ಹತ್ತಿರ ಹಿಡಿದು ಸಪ್ಪಳ ಕೇಳುವರು. "ಇನ್ನ ಎಂಟ ದಿನ ರೀ. ಆಮ್ಯಾಲ ಒಂದ ಕಿಡಿ ಸಾಕು." ಬೆಂಕಿ ರೇಖೆ, ಎಂದರೆ ಬೆಂಕಿ ದಾಟದಂತೆ ಹುಲ್ಲು ಸವರಿ ಮಾಡುವ ಪಟ್ಟಿ, ಆ ಎಂಟು ದಿನದೊಳಗೆ ಆಗಬೇಕು. ಆದೇಶ ಬರುತ್ತಿದ್ದದ್ದು ತಿಂಗಳು ಕಳೆದ ಮೇಲೆ.

ಇನ್ನೊಂದು ಅಭ್ಯಾಸವಿತ್ತು. ಯಾರು ಏನೇ ಹೇಳಲಿ, ಅವರ ಮೊದಲ ಪ್ರಶ್ನೆ, "ನೀ ಎಲ್ಲಿ ನಿಂತಿದ್ದಿ?" ನಮ್ಮ ಜವಾನ ಬಸ್ ಸ್ಟ್ಯಾಂಡಿನಲ್ಲಿ ನಡೆದ ಜಗಳವನ್ನು ರಂಗುರಂಗಾಗಿ ಹೇಳುತ್ತಿದ್ದರೆ ನಡುವೆ ಬಾಯಿ ಹಾಕಿ ಅದನ್ನೇ ಕೇಳುವರು. ನಿಂತ ಜಾಗ ಹೇಳದವನ ಮಾತನ್ನು ನಂಬುತ್ತಿರಲಿಲ್ಲ. ಅವನು ಗೊಣಗುತ್ತಿದ್ದ: "ಏ, ಇವಂದೊಂದು ಪೊಲೀಸ್ ಸ್ಟೇಷನ್."

ಶರತ್ಕಾಲದಲ್ಲಿ ಟವೆಲ್ಲಿನಲ್ಲಿ ಸೀತಾಫಲ ಕಟ್ಟಿಕೊಂಡು ಬರುವರು. "ಕಣ್ಣು ಬಿಟ್ಟಾವ ನೋಡ್ರಿ. ಅಕ್ಕಿ ಡಬ್ಬ್ಯಾಗ ಇಡ್ರಿ, ನಾಡದ ಹಣ್ಣಾಗತಾವ." ನಾಡಿದ್ದು ಎಂದರೆ ನಾಡಿದ್ದೇ ಹಣ್ಣಾಗುತ್ತಿದ್ದವು.

ನಾಲ್ಕು ವರ್ಷದ ಹಿಂದಿನ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಆ ಸೀತಾಫಲದ ಇಳಿಜಾರಿಗೇ ಬೆಂಕಿ ಬಿತ್ತು. ಹೇಗೆ ಬಿತ್ತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕಾವಲುಗಾರರು ಐದು ಜನ. ಎಲ್ಲರಿಗಿಂತ ಅವರೇ ಹಿರಿಯರು. ಐವರಲ್ಲಿ ಒಬ್ಬ ಅವರ ಚಿಕ್ಕಂದಿನ ಗೆಳೆಯ, ಒಂದೇ ಓಣಿಯವನು. ನೀರಿನ ಟ್ಯಾಂಕರ್ ಹೊರಟಿತು, ಆದರೆ ಗುಡ್ಡದ ಬುಡದಲ್ಲಿ ನಿಂತಿತು. ಗಣಿ ಕಂಪನಿಯೊಂದು ಹಳೆಯ ಬಂಡಿ ದಾರಿಗೆ ಗೇಟು ಹಾಕಿ ಬೀಗ ಜಡಿದಿತ್ತು. ಬೀಗದ ಕೈ ಸೂಪರ್‌ವೈಸರ್ ಹತ್ತಿರ, ಸೂಪರ್‌ವೈಸರ್ ತೋರಣಗಲ್ಲಿನಲ್ಲಿ. ಅವನು ಬರುವವರೆಗೂ ಟ್ಯಾಂಕರ್ ಡ್ರೈವರ್ ಗೇಟಿಗೆ ಒರಗಿ ಮೇಲೆ ಉರಿಯುವುದನ್ನು ನೋಡುತ್ತ ನಿಂತಿದ್ದ.

ಮೇಲೆ ಅವರು ಮೂವರನ್ನು ಕರೆದುಕೊಂಡು ಎದುರು ಬೆಂಕಿ ಕೊಡಲು ಹೋದರು. ಬೆಂಕಿ ಬರುವ ದಾರಿಯ ಹುಲ್ಲನ್ನು ಮೊದಲೇ ಸುಟ್ಟು ಅದಕ್ಕೆ ಮೇವಿಲ್ಲದಂತೆ ಮಾಡುವುದು ಅದು. ಗೆಳೆಯನಿಗೆ, ಒಣಹಳ್ಳಕ್ಕೆ ಇಳಿದು ಆಚೆ ದಡ ಹತ್ತು ಎಂದರು. ಅವನು ಇಳಿದ. ಬೆಂಕಿ ಹಳ್ಳದೊಳಗೆ ನುಗ್ಗಿ ಮೇಲಕ್ಕೆ ಓಡಿತು. ಇವರು ದಿಬ್ಬದ ಮೇಲಿನಿಂದ ಕೂಗಿದರು. ಅವನ ಕೈಯಲ್ಲಿದ್ದ ವಾಕಿಟಾಕಿಯಲ್ಲಿ ಬ್ಯಾಟರಿ ಇರಲಿಲ್ಲ.

ತನಿಖೆಗೆ ಮೂವರ ಸಮಿತಿ ಬಂತು. ಸಾಹೇಬರೇ ಅದಕ್ಕೆ ಕಾರ್ಯದರ್ಶಿ. ಸಮಿತಿ ಐಬಿಯಲ್ಲಿ, ಎಂದರೆ ಸರ್ಕಾರಿ ಬಂಗಲೆಯಲ್ಲಿ, ಕುಳಿತಿತು, ಐಬಿಯಲ್ಲಿ ಉಂಡಿತು, ಐಬಿಯ ವರಾಂಡದಿಂದ ಗುಡ್ಡದ ಕಡೆ ಕೈ ತೋರಿಸಿತು. ಒಬ್ಬರೂ ಗುಡ್ಡ ಹತ್ತಲಿಲ್ಲ. ನಾನು ಮೂಲೆಯಲ್ಲಿ ಕುಳಿತು ಹೇಳಿಕೆಗಳನ್ನು ಟೈಪ್ ಮಾಡಿಕೊಳ್ಳುತ್ತಿದ್ದೆ.

ಅವರು ಗೇಟಿನ ಮಾತು ಹೇಳಿದರು, ಬ್ಯಾಟರಿಯ ಮಾತು ಹೇಳಿದರು. ಆಮೇಲೆ ಹೇಳಿದರು:

"ಹಳ್ಳದಾಗ ಇಳೀ ಅಂದಾವ ನಾನು. ಬಿಸಿಲೇರಿದ ಮ್ಯಾಲ ಆ ಹಳ್ಳ ಹೊಗಿ ಕೊಳವಿ ಇದ್ದಂಗ ರೀ, ತೆಳಗಿನ ಬೆಂಕೀನ ಮ್ಯಾಕ ಎಳಕೊಂತೈತಿ. ಅದು ನನಗ ಗೊತ್ತಿತ್ತು. ಅವಸರದಾಗ ಮರತೆ. ಇದನ್ನ ಬರೀರಿ."

ಸಮಿತಿಯ ಹಿರಿಯರು ಕನ್ನಡಕ ತೆಗೆದರು. "ಏನಪ್ಪಾ, ಹೀಗೆ ಬರೆದರೆ ನಿನ್ನ ಮೇಲೇ ಕೇಸಾಗುತ್ತೆ. ತಿಳೀತಾ?"

"ಆಗ್ಲಿ ಬಿಡ್ರಿ. ನನ್ನ ತಪ್ಪು ಬರೀಲಿಲ್ಲಂದ್ರ ಮುಂದಿನಾವ ಅದ ಹಳ್ಳದಾಗ ಇಳೀತಾನ."

ನಾನು ಅಕ್ಷರ ಬಿಡದೆ ಟೈಪ್ ಮಾಡಿದೆ. ಮರುದಿನ ಕರಡು ನನ್ನ ಟೇಬಲಿಗೆ ವಾಪಸು ಬಂತು. ಆ ಹೇಳಿಕೆಯ ಮೇಲೆ ಕೆಂಪು ಗೀಟು. ಗೇಟಿನ ಮಾತಿನ ಪಕ್ಕದಲ್ಲಿ 'ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ'. ಬ್ಯಾಟರಿಯ ಜಾಗದಲ್ಲಿ 'ಸಂಪರ್ಕ ವ್ಯವಸ್ಥೆ ತೃಪ್ತಿಕರವಾಗಿತ್ತು'. ಕೊನೆಯ ಪುಟಕ್ಕೆ ಒಂದು ಹೊಸ ಸಾಲು ಸೇರಿತ್ತು: ಮೃತನ ಬಳಿ ಕಡ್ಡಿಪೆಟ್ಟಿಗೆ ದೊರೆತಿರುವುದರಿಂದ, ಬೆಂಕಿಗೆ ಮೃತನ ಅಜಾಗರೂಕತೆಯೇ ಕಾರಣವಿರಬಹುದು.

ಎದುರು ಬೆಂಕಿ ಕೊಡಲು ಎಲ್ಲ ಕಾವಲುಗಾರರ ಜೇಬಿನಲ್ಲೂ ಕಡ್ಡಿಪೆಟ್ಟಿಗೆ ಇರುತ್ತದೆ. ಅದನ್ನು ಕೊಡುತ್ತಿದ್ದದ್ದು ನಮ್ಮ ಕಚೇರಿಯೇ. ಸತ್ತವನು ಜನ್ಮದಲ್ಲಿ ಬೀಡಿ ಸೇದಿದವನಲ್ಲ.

"ಸರ್, ಇದು..." ಎಂದು ಸಾಹೇಬರ ಮುಂದೆ ಹಿಡಿದೆ.

"ಅವನ ಒಳ್ಳೇದಕ್ಕೇ ಮಾಡಿದ್ದು ಮೇಡಂ. ದಿನಗೂಲಿ ಮನುಷ್ಯ, ಪಾಪ. ಅವನ ಮಾತು ಹಂಗೇ ಹೋದ್ರೆ ಜೈಲಿಗೆ ಹೋಗ್ತಾನೆ. ನೀವು ಕಳಿಸ್ತೀರಾ?"

ನಾನು ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತು. ಹೊಸಪೇಟೆಯ ಕೊನೆಯ ನೇರ ಬಸ್ಸು ಹೋಗುವುದರೊಳಗೆ ಟೈಪ್ ಮಾಡಿ ಮುಗಿಸಿದೆ. ಆ ಒಂದು ಸಾಲಿನಿಂದ ಸತ್ತವನ ಹೆಂಡತಿಯ ಪರಿಹಾರದ ಕಡತವೂ ಮುಚ್ಚಿತು.

ವರದಿ ಬಂದಿದೆ ಎಂದು ಕೇಳಿ ಅವರು ಮೆಟ್ಟಿಲಿಗೆ ಬಂದರು. ಅಕ್ಷರ ಕೂಡಿಸಿ ಓದುವಷ್ಟು ಮಾತ್ರ ಬರುತ್ತಿತ್ತು. "ಓದಿ ಹೇಳ್ರಿ ಮೇಡಮ್ಮಾರ" ಎಂದರು. ಮಧ್ಯಾಹ್ನದ ಊಟದ ಹೊತ್ತು, ಒಳಗೆ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಪಕ್ಕದಲ್ಲಿ ಕುಳಿತು ಪೂರಾ ಓದಿದೆ. ಮುಗಿದ ಮೇಲೆ ಕೇಳಿದರು:

"ಹಳ್ಳ ಎಲ್ಲೈತಿ?"

"ಇಲ್ರೀ."

"ಅಷ್ಟೂ ಹಾಳಿ ಓದಿದ್ರಿ. ಒಂದರಾಗೂ ಹಳ್ಳ ಇಲ್ಲಾ?"

"ಇಲ್ಲ."

ಅವರ ಹಣೆ ಸುಕ್ಕುಗಟ್ಟಿತು. "ಕಡ್ಡಿಪೆಟ್ಟಿಗಿ ಐತಿ, ಹಳ್ಳ ಇಲ್ಲ. ಸತ್ತಾವನ ಕಳ್ಳನ್ ಮಾಡಿದ್ರಿ, ಕೊಂದಾವನ ಬಿಟ್ರಿ. ಟೈಪ್ ಮಾಡಿದಾವ್ರು ಯಾರು?"

"ನಾನ ರೀ."

ನನ್ನ ಮುಖವನ್ನೇ ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತು. ಎದ್ದು, ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೋದರು.

ಮುಂದಿನ ವಾರ ಬಂದು, "ಭಾನುವಾರ ಗುಡ್ಡಕ್ಕ ಬರ್ರಿ. ಬರಕೊಳ್ಳಾಕ ಬ್ಯಾಡ, ಕೇಳಾಕ" ಎಂದರು. ಹೋದೆ. ಸುಟ್ಟ ಇಳಿಜಾರಿನಲ್ಲಿ ಇಪ್ಪತ್ತು ಜನ ಸೇರಿದ್ದರು. ಉಳಿದ ಮೂವರು ಕಾವಲುಗಾರರು, ಟ್ಯಾಂಕರ್ ಡ್ರೈವರ್, ಕುರಿಯವರು, ಸೀತಾಫಲ ಕೀಳುವ ಹೆಂಗಸರು. ಸತ್ತವನ ಹೆಂಡತಿಯೂ ಬಂದಿದ್ದಳು. ಕಾಲಿಟ್ಟಲ್ಲೆಲ್ಲ ಬೂದಿ ಏಳುತ್ತಿತ್ತು.

ಅವರು ಎರಡೇ ಕಟ್ಟಳೆ ಹೇಳಿದರು. ಆವತ್ತು ಎಲ್ಲಿ ನಿಂತಿದ್ದಿರೋ ಇವತ್ತು ಅಲ್ಲೇ ಹೋಗಿ ನಿಲ್ಲಬೇಕು. ನಿಂತು, ಏನು ಕಂಡಿರಿ, ಏನು ಮಾಡಿದಿರಿ, ಅಷ್ಟು ಹೇಳಬೇಕು. "ನೀ ಹಂಗ ಮಾಡಬೇಕಿತ್ತು, ಹಿಂಗ ಮಾಡಬೇಕಿತ್ತು ಅಂತ ಒಬ್ರೂ ಅನ್ನಂಗಿಲ್ಲ. ಅಂದ್ರ ತೆಳಗ ಇಳಿದು ಹೋಗ್ರಿ." ಕುರಿಯವನೊಬ್ಬ ತಾನು ಹೊಗೆಯನ್ನು ಎಲ್ಲರಿಗಿಂತ ಮೊದಲೇ ಕಂಡಿದ್ದೆ, ಆದರೆ ಹೇಳಿದರೆ ತನ್ನ ಮೇಲೇ ಹಾಕುತ್ತಾರೆಂದು ಸುಮ್ಮನಿದ್ದೆ ಎಂದ. ಡ್ರೈವರ್ ಗೇಟಿನ ಮುಂದೆ ನಿಂತು ಅಲ್ಲಿಂದಲೇ ಕೂಗಿ ಹೇಳಿದ: "ಬೀಗ ಒಡೀಬೋದಿತ್ತು. ಕಂಪನಿಯವ್ರು ಕೇಸ್ ಹಾಕ್ತಾರ ಅಂತ ಅಂಜಿದೆ."

ಕೊನೆಗೆ ಅವರು ಹಳ್ಳದ ಬಾಯಿಗೆ ಹೋಗಿ ನಿಂತರು. ಗೆಳೆಯನ ಹೆಂಡತಿಯ ಕಡೆ ತಿರುಗಿದರು. "ತಂಗೀ, ಇಲ್ಲಿ ನಿಂತು ನಾನ ಅಂದೆ, ಇಳೀ ಅಂತ."

ಆಕೆ ಅಳಲಿಲ್ಲ. "ನೀನ ಅಂದಿ ಅಂತ ನನಗ ಅವತ್ತ ಗೊತ್ತಾತು. ಅವಂಗೂ ಈ ಹಳ್ಳ ಗೊತ್ತಿತ್ತಲ್ಲ? ಒಲ್ಲೆ ಅಂತ ಯಾಕ ಅನ್ನಲಿಲ್ಲ?"

ಕಾವಲುಗಾರರಲ್ಲಿ ಒಬ್ಬ ನೆಲ ನೋಡುತ್ತ ಹೇಳಿದ: "ನನಗೂ ಅನ್ನಿಸಿತ್ತಕ್ಕಾ, ಬ್ಯಾಡ ಅಂತ. ಹಿರ್ಯಾ ಹೇಳಿದ ಮ್ಯಾಲ ಎದುರಾಡೋದು ಹೆಂಗ?"

ಅವರು ಅಲ್ಲೇ ಬೂದಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು. ಬಹಳ ಹೊತ್ತಾದ ಮೇಲೆ ಎದ್ದರು. "ಇವತ್ತಿಂದ ಬೆಂಕಿ ಮುಂದ ಹಿರ್ಯಾ ಇಲ್ಲ, ಕಿರ್ಯಾ ಇಲ್ಲ. ಒಬ್ಬ ಬ್ಯಾಡ ಅಂದ್ರ ಎಲ್ಲಾರೂ ನಿಲ್ಲಬೇಕು. ಮೊದಲ ನಾ ನಿಲ್ತೀನಿ."

ಐಬಿಯಲ್ಲಿ ಆ ಸಮಿತಿ ಅಷ್ಟು ದಿನ ಕುಳಿತು ಕಲಿಯದದ್ದನ್ನು ಈ ಇಪ್ಪತ್ತು ಜನ ಒಂದು ಬೆಳಗಿನಲ್ಲಿ ಕಲಿತರು. ಹಳ್ಳದ ಬಾಯಿಯ ಬಂಡೆಗಳಿಗೆ ಸುಣ್ಣ ಬಳಿದರು, ಒಳಗೆ ಇಳಿಯಬಾರದು ಎಂಬ ಗುರುತಿಗೆ. ಪ್ರತಿ ವರ್ಷ ಬೇಸಿಗೆ ಹುಟ್ಟುವ ಮೊದಲು ಮತ್ತೆ ಬಳಿಯಬೇಕೆಂದು ಮಾತಾಯಿತು.

ಮಳೆ ಬಿದ್ದ ಮೇಲೆ ಆ ಇಳಿಜಾರಿನಲ್ಲಿ ಸುಟ್ಟ ಬೊಡ್ಡೆಗಳ ಬುಡದಿಂದ ಸೀತಾಫಲ ಚಿಗುರಿತು. ಅವರು ದಿನಾ ಬಂದು ಮನೆಯಲ್ಲಿ ಕೂಸು ಹುಟ್ಟಿದವರಂತೆ ಹೇಳುವರು: "ಬೇರು ಸತ್ತಿಲ್ರೀ. ಮೊಳಕಾಲುದ್ದ ಬಂದಾವ." ಅಷ್ಟರಲ್ಲಿ ನಮ್ಮ ಕಚೇರಿ ಆ ಜಾಗದ 'ಪುನಶ್ಚೇತನ'ಕ್ಕೆ ಹೊರಟಿತು. ಸಸಿ ನೆಡಬೇಕು, ದೊಡ್ಡವರು ಬರುತ್ತಾರೆ, ಫೋಟೊ ಆಗಬೇಕು. ಗುಂಡಿ ತೋಡಲು ಜೆಸಿಬಿ ಹತ್ತಿತು. ಟ್ಯಾಂಕರಿಗೆ ತೆರೆಯದ ಗೇಟು ಜೆಸಿಬಿಗೆ ತೆರೆಯಿತು. ಅದು ಚಿಗುರಿದ ಬೇರುಗಳನ್ನೇ ಕಿತ್ತು ಎಸೆಯುತ್ತ ಬಂತು.

ಅವರು ಹೋಗಿ ಒಂದು ಗುಂಡಿಯೊಳಗೆ ಕುಳಿತರು. ಸಾಹೇಬರು ಮೇಲೆ ನಿಂತು, "ಏಳಲೇ, ಮೇಲೆ ಬಾ" ಎಂದರು.

"ಬೇರು ಜೀವಂತ ಅದಾವ ಸಾಹೇಬ್ರ. ಸುಮ್ಮನ ಬಿಡ್ರಿ, ತಾನ ಬರತೈತಿ. ಸುಟ್ಟದ್ದು ಬೆಂಕಿ, ಕೊಲ್ಲಾಕತ್ತಾವ್ರು ನೀವು."

ಮೂವರು ಹಿಡಿದು ಎತ್ತಬೇಕಾಯಿತು. ಸಸಿ ನೆಟ್ಟರು, ಫೋಟೊ ಆಯಿತು, ಮುಂದಿನ ಬೇಸಿಗೆಗೆ ಸಸಿಗಳೆಲ್ಲ ಒಣಗಿದವು. ಆ ಬೇಸಿಗೆಯ ಕಾವಲುಗಾರರ ಪಟ್ಟಿಯನ್ನು ನಾನೇ ಟೈಪ್ ಮಾಡಿದೆ. ಅವರ ಹೆಸರು ಇರಲಿಲ್ಲ. ವಯಸ್ಸಾಯಿತು ಎಂದು ಕಾರಣ ಕೊಟ್ಟರು. ವರ್ಷ ತಿರುಗುವುದರೊಳಗೆ ಉಳಿದ ಮೂವರೂ ಹೋದರು, ಕಾವಲು ಕೆಲಸವನ್ನೇ ಏಜೆನ್ಸಿಗೆ ಕೊಟ್ಟರು. ಗುಡ್ಡ ಕಂಡರಿಯದವರು ಬಂದರು.

ಆಮೇಲೂ ಎರಡು ವರ್ಷ ಅವರು ಬಕೆಟ್ಟಿನಲ್ಲಿ ಸುಣ್ಣ ಕಲಸಿಕೊಂಡು ಹತ್ತಿ ಬಂಡೆಗಳಿಗೆ ಬಳಿದು ಬಂದರು. ಇಪ್ಪತ್ತಾರು ಬೇಸಿಗೆಯ ಹೊಗೆ ಕುಡಿದ ಎದೆ ಕೊನೆಗೆ ಕೈಕೊಟ್ಟಿತು. ಈ ವರ್ಷ ಮನೆಯ ಹೊಸ್ತಿಲು ದಾಟುವುದೂ ಅವರಿಂದ ಆಗಲಿಲ್ಲ. ಹೋದ ಮಳೆಗಾಲದಲ್ಲಿ ಸುಣ್ಣ ತೊಳೆದುಹೋಗಿತ್ತು.

ಈ ಮಾರ್ಚಿನಲ್ಲಿ ಮತ್ತೆ ಬೆಂಕಿ ಬಿತ್ತು. ಅದೇ ಇಳಿಜಾರು. ಸುದ್ದಿ ಕೇಳಿ ಮರುದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ಗೋಡೆಗೆ ಹತ್ತಿದ ಮಂಚದಲ್ಲಿ ದಿಂಬಿಗೆ ಒರಗಿ ಕುಳಿತಿದ್ದರು. ಮಾತಿಗಿಂತ ಉಸಿರಿನ ಸಪ್ಪಳವೇ ಜೋರಾಗಿತ್ತು.

"ಯಾರಿಗರ ಹತ್ತೇತೇನ್ರಿ?"

"ಒಬ್ಬಂಗ. ಕಂಪ್ಲಿ ಕಡಿಯಾವ, ಹೊಸಬ."

"ಎಲ್ಲಿ ನಿಂತಿದ್ದ?"

ಸುಳ್ಳು ಹೇಳಬಹುದಿತ್ತು. ಆದರೆ ಆ ಮನುಷ್ಯನಿಗೆ ನಾನು ಈಗಾಗಲೇ ಒಮ್ಮೆ ಸುಳ್ಳನ್ನು ಓದಿ ಹೇಳಿದ್ದೆ.

"ಹಳ್ಳದಾಗ" ಎಂದೆ.

ಕಣ್ಣು ಮುಚ್ಚಿದರು. "ಬದುಕ್ಯಾನಾ?"

"ಬದುಕ್ಯಾನ. ಬೆನ್ನು, ಕಾಲು ಸುಟ್ಟಾವ."

ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. "ಆ ಕಾಗದದಾಗ ಹಳ್ಳ ಇದ್ದಿದ್ರ... ಇವ ಇಳೀತಿದ್ನೇನ್ರಿ ಮೇಡಮ್ಮಾರ?"

ಗೋಡೆಯ ಕಡೆ ಹೊರಳಿ ಮಲಗಿದರು. ನಾನು ಇನ್ನೂ ಅರ್ಧ ಗಂಟೆ ಕುಳಿತಿದ್ದೆ, ತಿರುಗಲಿಲ್ಲ. ನಾಲ್ಕನೆಯ ದಿನ ತೀರಿಕೊಂಡರು.

ಶ್ರದ್ಧಾಂಜಲಿ ಸಭೆ ಮುಗಿಸಿ ನಾನು ಮನೆಗೆ ಹೋಗಲಿಲ್ಲ. ಹೊಸಪೇಟೆಯಲ್ಲಿ ಬಸ್ ಇಳಿದು, ಆ ಕಂಪ್ಲಿ ಕಡೆಯವನಿದ್ದ ಆಸ್ಪತ್ರೆಗೆ ಹೋದೆ. ಬೋರಲು ಮಲಗಿಸಿದ್ದರು. ಹೆಂಡತಿ ಪಕ್ಕದಲ್ಲಿ ಕುಳಿತು ರಟ್ಟಿನಿಂದ ಗಾಳಿ ಬೀಸುತ್ತಿದ್ದಳು. ಗದ್ದೆ ಕೆಲಸದ ಜನ. ಗುಡ್ಡಕ್ಕೆ ಹೋಗಿದ್ದು ಅದೇ ಮೊದಲ ಬೇಸಿಗೆಯಂತೆ.

"ನನಗ ಯಾರೂ ಹೇಳಲಿಲ್ರಿ, ಅಲ್ಲಿ ಇಳೀಬಾರದಂತ. ಯಾರಿಗೂ ಗೊತ್ತಿದ್ದಿಲ್ಲ ಕಾಣತೈತಿ" ಎಂದ.

"ಗೊತ್ತಿತ್ತಪ್ಪ. ನನಗ ಗೊತ್ತಿತ್ತು" ಎಂದೆ. ಕೆಂಪು ಗೀಟು, ಕಡ್ಡಿಪೆಟ್ಟಿಗೆ, ಸುಣ್ಣದ ಬಂಡೆ, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಹೆಂಡತಿ ಬೀಸುವುದನ್ನು ನಿಲ್ಲಿಸಿದಳು. ನಾನು ಹೇಳಿ ಮುಗಿಸಿದ ಮೇಲೆ ಅವಳು ಅಂದದ್ದು ಇಷ್ಟೇ: "ಇದನ್ನ ಬರದು ಕೊಡ್ರಿ."

ಬರೆದುಕೊಟ್ಟೆ. ಹೆಸರು, ಹುದ್ದೆ, ಸಹಿ ಎಲ್ಲ ಹಾಕಿದೆ. ಒಂದು ಪ್ರತಿ ಅವಳಿಗೆ, ಇನ್ನೊಂದು ಈಗ ಬಂದಿರುವ ಹೊಸ ಸಮಿತಿಗೆ. ಹೊಸ ಸಮಿತಿಯೂ ಐಬಿಯಲ್ಲೇ ಕುಳಿತಿದೆ. ಅದು ನನ್ನ ಕಾಗದವನ್ನು ಓದಿತೋ ಇಲ್ಲವೋ ತಿಳಿಯದು. ಕಚೇರಿ ಮಾತ್ರ ಓದಿತು. ಹೋದ ವಾರ ನೋಟಿಸ್ ಬಂತು. ಕಚೇರಿಯ ಕಡತದ ವಿಷಯವನ್ನು ಹೊರಗಿನವರಿಗೆ ತಿಳಿಸಿದ್ದೇಕೆ, ಏಳು ದಿನದೊಳಗೆ ಉತ್ತರಿಸಿ. "ತಪ್ಪಾಯಿತು ಅಂತ ಒಂದು ಸಾಲು ಬರೆದು ಹಾಕಿಬಿಡಿ ಮೇಡಂ, ಸುಮ್ಮನಾಗ್ತಾರೆ" ಎಂದು ಜೊತೆಯವರು ಹೇಳಿದರು.

ಇವತ್ತು ಬೆಳಿಗ್ಗೆ ಉತ್ತರ ಟೈಪ್ ಮಾಡಿ, ಆವಕ ವಿಭಾಗದಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡೆ. ಅದರಲ್ಲಿರುವುದು ಇಷ್ಟು:

'ಗೇಟು ದಾಟಿದ ಮೇಲೆ ಎರಡನೆಯ ತಿರುವಿನ ಎಡಕ್ಕೆ ಒಂದು ಒಣಹಳ್ಳವಿದೆ. ಬಿಸಿಲೇರಿದ ಮೇಲೆ ಅದು ಕೆಳಗಿನ ಬೆಂಕಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಅದರೊಳಗೆ ಯಾರನ್ನೂ ಇಳಿಸಬಾರದು. ಈ ಸಂಗತಿ ಕಚೇರಿಗೆ ನಾಲ್ಕು ವರ್ಷದಿಂದ ತಿಳಿದಿದೆ.'